ಶರಾಬಿ ಹೊಳೆಯ ಬಂದರು

ಪುಷ್ಪಗಿರಿಯ ಮಗ್ಗುಲಲ್ಲಿ ಹುಟ್ಟುವ ಹಾರಂಗಿ ಹೊಳೆ ಪಡುವಣ ಕಡಲಿಗೆ ಬೆನ್ನು ಹಾಕಿ ಹರಿದು, ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ನೀರು ಮೂಡಣಕ್ಕೆ ಹೋದರೂ ಈ ಸೀಮೆಯ ಸರಕು ಮಾತ್ರ ತಲೆತಲಾಂತರದಿಂದ ಪಡುವಣಕ್ಕೇ ಇಳಿದಿದೆ. ಕೊಡಗಿನ ಅಕ್ಕಿ, ಏಲಕ್ಕಿ, ಒಳ್ಳೆಮೆಣಸು ಹೇರೆತ್ತುಗಳ ಬೆನ್ನೇರಿ ಘಟ್ಟ ಇಳಿಯುತ್ತಿದ್ದವು. ಮರಳುವಾಗ ಅದೇ ಎತ್ತುಗಳ ಬೆನ್ನ ಮೇಲೆ ಕಡಲ ಉಪ್ಪು ಬರುತ್ತಿತ್ತು. 1982ರಲ್ಲಿ ಮುಗಿದ ಅಣೆಕಟ್ಟೆಯ ಹಿನ್ನೀರು ಇಂದು ಹಾರಂಗಿಯ ಸುತ್ತ ಹರಡಿಕೊಂಡಿದೆ, ಸುತ್ತಲ ತೋಟಗಳಲ್ಲಿ ಮೆಣಸಿನ ಬಳ್ಳಿ ಇಂದೂ ಮರಕ್ಕೆ ಹಬ್ಬುತ್ತಿದೆ. ಬಂದರುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಹಡಗಿನ ಮೇಲೆ ನಿಂತವರು ಬರೆದಿದ್ದಾರೆ. ಘಟ್ಟದ ಮೇಲಿನವರ ಕಣ್ಣಿಂದ ನೋಡಿದರೆ ಅದೇ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ. ಭಟ್ಕಳದ ಕಥೆಯಂತೂ ಹಾಗೆ ನೋಡಿದಾಗಲೇ ಪೂರ್ತಿ ತಿಳಿಯುವಂಥದ್ದು.

ಉತ್ತರ ಕನ್ನಡದ ತೆಂಕಣ ಅಂಚಿನಲ್ಲಿ, ಸಹ್ಯಾದ್ರಿಯ ಸಾಲು ಕಡಲಿಗೆ ತೀರ ಹತ್ತಿರ ಬಂದು ನಿಲ್ಲುವ ಕಡೆ, ಭಟ್ಕಳದ ಮಗ್ಗುಲಲ್ಲೇ ಶರಾಬಿ ಎಂಬ ಚಿಕ್ಕ ಹೊಳೆಯಿದೆ. ಕಾಳಿಗೋ ಶರಾವತಿಗೋ ಇರುವಂಥ ಹರವಾದ ಅಳಿವೆ ಅದಕ್ಕಿಲ್ಲ. 1505ರ ಸುಮಾರಿಗೆ ಇಲ್ಲಿಗೆ ಬಂದ ಇಟಲಿಯ ಯಾತ್ರಿಕ ಲುಡೊವಿಕೊ ವರ್ತೆಮಾ ಈ ಊರನ್ನು ಕೋಟೆಗೋಡೆಯುಳ್ಳ ಚೆಲುವಾದ ಪಟ್ಟಣವೆಂದು ಬಣ್ಣಿಸಿದ್ದಾನೆ. ಊರು ಕಡಲಿನಿಂದ ಮೈಲಿಯಷ್ಟು ಒಳಗಿದೆ, ಕಿರಿದಾದ ಹೊಳೆಯೊಂದರ ಮೂಲಕವಲ್ಲದೆ ಒಳಗೆ ಬರಲಾಗದು, ಅಕ್ಕಿ ಹೇರಳ, ಕಲ್ಲುಸಕ್ಕರೆಗೆ ಈ ಊರು ಹೆಸರುವಾಸಿ ಎಂದೂ ಬರೆದಿದ್ದಾನೆ. ಇಂಥ ಇಕ್ಕಟ್ಟಿನ ಹೊಳೆಬಾಯಿ ಒಂದು ಸಾಮ್ರಾಜ್ಯದ ಪಡುಬಾಗಿಲಾಯಿತು ಎಂಬುದೇ ಅಚ್ಚರಿಯ ಸಂಗತಿ. ಇಲ್ಲಿ ಇಳಿದ ಸರಕು ಬಯಲಿನಲ್ಲಿ ಹೆಚ್ಚು ಅಲೆಯದೆ ನೇರ ಘಟ್ಟ ಹತ್ತಿ, ಹಂಪಿಯ ಹೆದ್ದಾರಿ ಹಿಡಿಯಬಹುದಾಗಿತ್ತು. ಭಟ್ಕಳದ ಭಾಗ್ಯವನ್ನು ಬರೆದದ್ದು ಕಡಲಿಗಿಂತ ಹೆಚ್ಚಾಗಿ ಆ ಘಟ್ಟದ ದಾರಿ.

ಇದಕ್ಕೆ ಮುಂಚೆ ಈ ಕಡಲಂಚಿನ ಹಿರಿಮೆ ಬೇರೆ ಊರುಗಳದಾಗಿತ್ತು. 1342ರ ಸುಮಾರಿಗೆ ಮೊರಾಕೊ ದೇಶದ ಇಬ್ನ್ ಬತೂತ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಹೋದ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ, ಅಲ್ಲಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠವಿತ್ತೆಂದೂ ದಾಖಲಿಸಿದ. ಆರುನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಕನ್ನಡ ನಾಡಿನ ಒಂದು ಬಂದರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಹದಿಮೂರು ಶಾಲೆಗಳಿದ್ದವು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ಚೀನಾದ ದೊಡ್ಡ ಹಡಗುಗಳ ವಿಚಾರವನ್ನೂ ಅವನೇ ಹೇಳುತ್ತಾನೆ. ಅವು ಕೊಲ್ಲಂ, ಕಲ್ಲಿಕೋಟೆ ಮತ್ತು ಏಳಿಮಲೆಯ ಬಳಿಯ ಹಿಲಿ ಎಂಬ ಬಂದರುಗಳನ್ನು ಬಿಟ್ಟು ಬೇರೆಡೆಗೆ ಹೋಗುತ್ತಿರಲಿಲ್ಲ. ಅಲ್ಲಿಂದ ಬಡಗಣಕ್ಕೆ ಸರಕು ಸಾಗಬೇಕಾದರೆ ಕರಾವಳಿಯ ಸಣ್ಣ ಹಡಗುಗಳೇ ಗತಿ. ಹಂಪಿಯಲ್ಲಿ ಅಗೆದಾಗ ಶ್ರೀಮಂತರ ಮನೆಗಳಿದ್ದ ಜಾಗದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಆ ಬಟ್ಟಲು ಬಸಿಗಳು ಕೈಯಿಂದ ಕೈಗೆ, ಹಡಗಿನಿಂದ ಹಡಗಿಗೆ, ಕಡೆಗೆ ಎತ್ತಿನ ಬೆನ್ನಿಗೆ ದಾಟಿ ತುಂಗಭದ್ರೆಯ ದಡ ಸೇರಿದವು.

ಭಟ್ಕಳದ ನೆಲಕ್ಕೆ ಒಡೆಯರಾಗಿದ್ದವರು ಹಾಡುವಳ್ಳಿಯ ಸಾಳುವರು. ಸಂಗೀತಪುರವೆಂದು ಶಾಸನಗಳು ಕರೆಯುವ ಹಾಡುವಳ್ಳಿ ಭಟ್ಕಳದಿಂದ ಮೂಡಣಕ್ಕೆ, ಘಟ್ಟದ ಬುಡದಲ್ಲಿದೆ. ಅರಸರು ಜೈನರು, ವಿಜಯನಗರಕ್ಕೆ ಕಪ್ಪ ಕೊಡುವ ಸಾಮಂತರು. ಹೊಳೆಯ ದಡದಲ್ಲಿ ನೆಲೆಸಿದ ನವಾಯತರು ಅರಬರ ಪೀಳಿಗೆಯವರು. ಇಲ್ಲಿನವರೊಡನೆ ಬೆರೆತು, ಕೊಂಕಣಿಯ ಒಂದು ಬಗೆಗೆ ಅರಬಿ, ಫಾರಸಿ ಮಾತು ಸೇರಿಸಿಕೊಂಡು ತಮ್ಮದೇ ನುಡಿ ಕಟ್ಟಿಕೊಂಡವರು. ಜೊತೆಗೆ ಸೆಟ್ಟಿಗಳು, ಕೊಂಕಣಿ ವರ್ತಕರು. ಬಸದಿ, ಪಳ್ಳಿ, ದೇವಸ್ಥಾನ ಮೂರೂ ಕೂಗಳತೆಯಲ್ಲಿದ್ದವು. ಈ ಕೂಡುಬಾಳು ಬರಿಯ ಔದಾರ್ಯದಿಂದ ಹುಟ್ಟಿದ್ದಲ್ಲ. ಕುದುರೆ ತರುವವನು ಮುಸಲ್ಮಾನ, ಸುಂಕ ಎತ್ತುವವನು ಜೈನ, ಕುದುರೆ ಕೊಳ್ಳುವವನು ಹಂಪಿಯ ರಾಯ. ಮೂವರಲ್ಲಿ ಯಾರೊಬ್ಬರು ಕೈಬಿಟ್ಟರೂ ಬೀದಿ ಮುಚ್ಚುತ್ತಿತ್ತು.

ಕುದುರೆಯೇ ಆ ಕಾಲದ ಯುದ್ಧಬಲ. ದಖ್ಖನಿನ ಹವೆಯಲ್ಲಿ ಒಳ್ಳೆಯ ತಳಿ ನಿಲ್ಲುತ್ತಿರಲಿಲ್ಲವಾಗಿ ಹೋರ್ಮುಜ್, ಏಡನ್ ಕಡೆಯಿಂದ ವರ್ಷವರ್ಷವೂ ತರಿಸಬೇಕು. 1336ರಲ್ಲಿ ತಲೆಯೆತ್ತಿದ ವಿಜಯನಗರಕ್ಕೂ 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೂ ಕೃಷ್ಣೆಯ ದಡದಲ್ಲಿ ಹಗೆ ತಪ್ಪಿದ್ದಲ್ಲ. ಯಾರ ಲಾಯದಲ್ಲಿ ಅರಬಿ ಕುದುರೆ ಹೆಚ್ಚೋ ಅವರ ಕೈ ಮೇಲು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಗೆದ್ದುಕೊಂಡ ಮೇಲೆ ಹಂಪಿಯ ಕಣ್ಣು ತೆಂಕಣ ಬಂದರುಗಳ ಮೇಲೆ ನೆಟ್ಟಿತು. ಅವುಗಳಲ್ಲಿ ಭಟ್ಕಳವೇ ಮೊದಲಿನದಾಯಿತು.

ಆ ಏಳಿಗೆಯ ಹೊಸ್ತಿಲಲ್ಲೇ ರಕ್ತದ ಕಲೆಯೂ ಇದೆ. ಭಟ್ಕಳದ ಮುಸಲ್ಮಾನ ವರ್ತಕರು ಹಗೆಯಾದ ಬಹಮನಿಗಳಿಗೂ ಕುದುರೆ ಮಾರುತ್ತಿದ್ದಾರೆಂದು ಸಿಟ್ಟಿಗೆದ್ದ ವಿಜಯನಗರದ ಅರಸ, ಅವರನ್ನು ಕೊಲ್ಲುವಂತೆ ಸಾಮಂತನಿಗೆ ಅಪ್ಪಣೆ ಮಾಡಿದನೆಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆಯುತ್ತಾನೆ. ಸತ್ತವರು ಹತ್ತು ಸಾವಿರ ಎಂಬುದು ಅವನ ಲೆಕ್ಕ. ಉಳಿದವರು ಗೋವೆಗೆ ಓಡಿಹೋಗಿ ಅಲ್ಲಿನ ಬಂದರನ್ನು ಬೆಳೆಸಿದರು. 15ನೇ ಶತಮಾನದ ಕೊನೆಯ ಭಾಗದ ಈ ಘಟನೆಯನ್ನು ನಮ್ಮ ವೈಭವದ ಪುಸ್ತಕಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಹಾಗೆ ದಾಟಬಾರದು. ಅರಮನೆಗೆ ಬೇಕಾದ ಸರಕನ್ನು ತರುವವನೇ ಅರಮನೆಯ ಅನುಮಾನಕ್ಕೆ ಮೊದಲ ತುತ್ತಾದ. ಎಡವಿದ ರಾಜನೀತಿಯೇ ಎದುರಾಳಿ ಬಂದರಿಗೆ ಒಳ್ಳೆಯ ವರ್ತಕರನ್ನು ಕಳಿಸಿಕೊಟ್ಟಿತು.

1485ರಲ್ಲಿ ವಿಜಯನಗರದ ಪಟ್ಟಕ್ಕೆ ಬಂದ ಸಾಳುವ ನರಸಿಂಹನಿಗೆ ಆ ತಪ್ಪು ತಿಳಿದಿತ್ತು. ವರ್ತಕರನ್ನು ಮತ್ತೆ ಒಲಿಸಿಕೊಳ್ಳಲು ಅವನು ಹೂಡಿದ ಉಪಾಯವನ್ನು ಪೋರ್ಚುಗೀಸ್ ಬರಹಗಾರ ಫೆರ್ನಾವ್ ನೂನಿಜ್ ವಿವರಿಸಿದ್ದಾನೆ. ಹೋರ್ಮುಜ್, ಏಡನ್‌ಗಳಿಂದ ಬಂದ ಕುದುರೆಗಳಿಗೆ ಮೂರಕ್ಕೆ ಸಾವಿರ ವರಹದಂತೆ ಬೆಲೆ. ಬದುಕಿದ್ದರೂ ಅಷ್ಟೇ, ಸತ್ತಿದ್ದರೂ ಅಷ್ಟೇ. ನಡುಗಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಹಣ ಎಣಿಸುತ್ತಿದ್ದರು. ಮುಂಗಾರಿನಲ್ಲಿ ಮುಚ್ಚಿದ ಕಡಲು ತೆರೆದ ಮೇಲೆ ಬಂದ ಹಡಗುಗಳಿಂದ ಮೈ ಇಳಿದ ಕುದುರೆಗಳನ್ನು ದಡಕ್ಕೆ ನಡೆಸುವಾಗ, ಅವುಗಳ ಹಿಂದೆಯೇ ಒಬ್ಬ ಹೋರ್ಮುಜಿನ ವರ್ತಕ ಒಣಗಿದ ಬಾಲಗಳ ಕಟ್ಟೊಂದನ್ನು ಸುಂಕದ ಅಧಿಕಾರಿಯ ಮುಂದೆ ಬಿಚ್ಚುತ್ತಿದ್ದುದನ್ನು ಮನಸ್ಸಿಗೆ ತಂದುಕೊಳ್ಳಿ. ಕಡಲಿನ ನಷ್ಟವನ್ನು ವರ್ತಕನ ತಲೆಯಿಂದ ಇಳಿಸಿ ಬೊಕ್ಕಸದ ಮೇಲೆ ಹೊತ್ತುಕೊಂಡ ದೊರೆ ಅವನು. ವಿಮೆ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬರುವುದಕ್ಕೆ ಎಷ್ಟೋ ಮೊದಲೇ ಅದರ ಕೆಲಸ ಈ ಕರಾವಳಿಯಲ್ಲಿ ನಡೆದಿತ್ತು.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ (1509-1529) ಈ ವ್ಯಾಪಾರ ತುತ್ತತುದಿ ಮುಟ್ಟಿತು. ರಾಯ ಪ್ರತಿವರ್ಷ 13,000 ಹೋರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಹೇಳುತ್ತಾನೆ. ನೂನಿಜ್ ತಾನೇ ಕುದುರೆ ವ್ಯಾಪಾರಿ, ಆದ್ದರಿಂದ ಅಂಕಿಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ವ್ಯವಹಾರದ ಅಂದಾಜು ಅವನಿಗೆ ಇದ್ದೇ ಇತ್ತು. ಬಂದರುಗಳನ್ನು ಊರ್ಜಿತಗೊಳಿಸಬೇಕು, ದೂರದೇಶದ ವರ್ತಕರಿಗೆ ಊರು, ಮನ್ನಣೆ, ಲಾಭ ಕೊಟ್ಟು ತನ್ನವರನ್ನಾಗಿ ಮಾಡಿಕೊಳ್ಳಬೇಕು, ಅವರ ಆನೆ ಕುದುರೆಗಳು ಹಗೆಯ ಪಾಲಾಗದಂತೆ ನೋಡಿಕೊಳ್ಳಬೇಕು ಎಂಬ ರಾಜನೀತಿಯನ್ನು ರಾಯ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲೇ ಹೇಳಿದ್ದಾನೆ.

ಆ ದಿನಗಳ ಭಟ್ಕಳದ ಅಂಗಡಿ ಬೀದಿಯನ್ನು ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಒಬ್ಬ ಲೆಕ್ಕಿಗನ ಕಣ್ಣಿನಿಂದ ನೋಡಿದ್ದಾನೆ. ಹೋರ್ಮುಜಿನಿಂದ ಕುದುರೆ, ಮುತ್ತು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ. ಮಲಬಾರಿನ ಕಡೆಯಿಂದ ಮೆಣಸು, ಸಂಬಾರ. ತಾಮ್ರಕ್ಕೆ ಇನ್ನಿಲ್ಲದ ಬೇಡಿಕೆ. ಅದು ಘಟ್ಟದ ಮೇಲೆ ಹೋಗಿ ನಾಣ್ಯವಾಗುತ್ತಿತ್ತು, ಹಂಡೆ ಕೊಪ್ಪರಿಗೆಯಾಗುತ್ತಿತ್ತು. ಪಾದರಸ, ಹವಳ, ಪಟಿಕ, ದಂತ ಎಲ್ಲವೂ ಇದ್ದವು. ಊರಿನವರು ಸಣ್ಣ ಮಾತಿಗೂ ದ್ವಂದ್ವಯುದ್ಧಕ್ಕೆ ಕರೆಯುತ್ತಿದ್ದರಂತೆ. ಅರಸ ಕಣ, ಆಯುಧ, ಹೊತ್ತು ಮೂರನ್ನೂ ಗೊತ್ತುಮಾಡಿ ಕೊಡುತ್ತಿದ್ದ. ಕಡಲಿನಿಂದ ಹಣ ಸುರಿಯುವ ಊರುಗಳಲ್ಲಿ ಮಾನದ ಮಾತು ಹೀಗೆ ಬಲು ಬೇಗ ಕತ್ತಿಗೆ ಹೋಗುತ್ತದೆ.

ಆದರೆ ನನ್ನ ಮನಸ್ಸು ನಿಲ್ಲುವುದು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಬರೆದ ಒಂದು ಚಿತ್ರದಲ್ಲಿ. ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಒಳನಾಡಿನಿಂದ ಭಟ್ಕಳಕ್ಕೆ ಬರುತ್ತಿದ್ದವು. ಬೆನ್ನಿನ ಮೇಲೆ ಅಡ್ಡಮರದ ಜೀನು, ಅದಕ್ಕೆ ಬಿಗಿದ ಹೇರು. ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬನೇ ಆಳು. ಬಂಡಿ ಹೋಗದ ಘಟ್ಟದಲ್ಲಿ, ಕಲ್ಲು ಜಾರುವ ಇಳಿಜಾರಿನಲ್ಲಿ, ಕಾಡಾನೆ ಹುಲಿಗಳ ನಡುವೆ ಈ ಮಂದೆ ನಡೆಯಬೇಕು. ಹಡಗಿನ ಕಪ್ತಾನರ ಹೆಸರು ಪುಸ್ತಕಗಳಲ್ಲಿ ಉಳಿದಿದೆ, ಹೇರೆತ್ತಿನ ಆಳುಗಳ ಒಂದು ಹೆಸರೂ ಉಳಿದಿಲ್ಲ. ಭಟ್ಕಳವನ್ನು ಬಂದರು ಮಾಡಿದವರು ಅವರೂ ಹೌದು. ಅವರು ಬರುವುದು ನಿಂತ ಮೇಲೆಯೇ ಅದು ನಿಜವಾಗಿ ಬಡವಾಯಿತು.

ಕಡಲ ಕಡೆಯ ಕೇಡು 1502ರಲ್ಲಿ ಮೊದಲು ಕಾಣಿಸಿಕೊಂಡಿತು. ಎರಡನೆಯ ಸಲ ಬಂದ ವಾಸ್ಕೋ ಡ ಗಾಮ ಭಟ್ಕಳದ ಅಳಿವೆಗೆ ಫಿರಂಗಿ ತಿರುಗಿಸಿ ಅರಸನನ್ನು ಮಣಿಸಿದ. ಪೋರ್ಚುಗೀಸ್ ಇತಿಹಾಸಕಾರ ಗಾಸ್ಪಾರ್ ಕೊರ್ರೆಯ ಬರೆದಂತೆ ಗೊತ್ತಾದ ಕಪ್ಪ ಅಕ್ಕಿ: ಹಡಗಿನ ಆಳುಗಳ ಊಟಕ್ಕೆ ವರ್ಷಕ್ಕೆ ಸಾವಿರ ಹೇರು ಸಾಮಾನ್ಯ ಅಕ್ಕಿ, ಕಪ್ತಾನರಿಗೆ ಐನೂರು ಹೇರು ಒಳ್ಳೆಯ ಅಕ್ಕಿ. ಜೊತೆಗೆ ಮೆಣಸಿನ ವ್ಯಾಪಾರ ಮಾಡಕೂಡದು, ತುರ್ಕರನ್ನು ಸೇರಿಸಕೂಡದು, ಕಲ್ಲಿಕೋಟೆಗೆ ಹಡಗು ಕಳಿಸಕೂಡದು ಎಂಬ ಕಟ್ಟಳೆಗಳು. 1510ರಲ್ಲಿ ಹೊನ್ನಾವರದ ಕಡಲ ನಾಯಕ ತಿಮ್ಮಯ್ಯನ ನೆರವಿನಿಂದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಹೋರ್ಮುಜಿನ ಕುದುರೆ ಹಡಗುಗಳೆಲ್ಲ ಗೋವೆಯಲ್ಲೇ ಇಳಿಯತಕ್ಕದ್ದು ಎಂಬ ಕಟ್ಟಪ್ಪಣೆ ಹೊರಟಿತು. ಕಾರ್ತಾಜ್ ಎಂಬ ಪರವಾನಗಿ ಚೀಟಿಯಿಲ್ಲದ ಹಡಗು ಸಿಕ್ಕರೆ ಸೂರೆ. ಭಟ್ಕಳದಲ್ಲಿ ಕೋಟೆ ಕಟ್ಟಲು ಪೋರ್ಚುಗೀಸರು ಹಂಪಿಯಿಂದ ಅನುಮತಿಯನ್ನೂ ಕೇಳಿದ್ದರು. ಗೋವೆ ಕೈಗೆ ಬಂದ ಮೇಲೆ ಅವರಿಗೆ ಅದರ ಜರೂರೇ ಉಳಿಯಲಿಲ್ಲ.

1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೊನ್ಸೊ ದ ಸೌಜ ದಂಡೆತ್ತಿ ಬಂದ. ಕಪ್ಪ ನಿಂತಿದೆ, ಕಡಲ್ಗಳ್ಳರಿಗೆ ಆಸರೆ ಸಿಗುತ್ತಿದೆ ಎಂಬುದು ನೆಪ. ಆಗ ಊರನ್ನು ಆಳುತ್ತಿದ್ದವಳು ಒಬ್ಬ ರಾಣಿ. ಅವಳ ಜನ ಬೀದಿಬೀದಿಯಲ್ಲಿ ಕಾದಿದರು. ಮೊದಲ ದಿನ ಲೂಟಿಯ ಪಾಲಿಗೆ ತಮ್ಮತಮ್ಮಲ್ಲೇ ಜಗಳಾಡಿದ ಪೋರ್ಚುಗೀಸ್ ಸೈನಿಕರನ್ನು ಹೊಡೆದಟ್ಟಿದರು. ಸೌಜ ಮತ್ತೆ ಬಂದು ಊರಿಗೆ ಬೆಂಕಿಯಿಟ್ಟ, ತೆಂಗಿನ ತೋಟಗಳನ್ನು ಕಡಿಸಿದ.

ಆದರೂ ಊರು ಸಾಯಲಿಲ್ಲ. ಮೂಡಭಟ್ಕಳದಲ್ಲಿ ಇಂದೂ ನಿಂತಿರುವ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ ನಡುಭಾಗದ್ದು. ಕಟ್ಟಿಸಿದವನು ಅರಸನಲ್ಲ, ಒಬ್ಬ ಕೊಂಕಣಿ ವರ್ತಕ. ಕರಾವಳಿಯ ಮಳೆಗೆ ಮರದ ಮನೆ ಕಟ್ಟುವ ಕ್ರಮವನ್ನೇ ಶಿಲ್ಪಿಗಳು ಕಲ್ಲಿನಲ್ಲಿ ನಡೆಸಿದ್ದಾರೆ. ಇಳಿಜಾರಾದ ಕಲ್ಲುಚಪ್ಪಡಿಯ ಮಾಡು, ಒಂದರ ಅಂಚಿನ ಮೇಲೆ ಒಂದು ಕೂರುವ ಹಾಸು, ಗೋಡೆಯ ಬದಲು ಗಾಳಿ ಬೆಳಕು ಬಿಡುವ ಕಲ್ಲಿನ ಜಾಲಂದ್ರ, ಕೆಳಗೆ ಸಾಲುಚಿತ್ರವಾಗಿ ರಾಮಾಯಣ. ಬಡಗಿಯ ಕೀಲು ಜೋಡಣೆಯ ಜಾಣ್ಮೆ ಕಲ್ಲುಕುಟಿಗನ ಉಳಿಗೆ ಇಳಿದಿರುವುದನ್ನು ಹತ್ತಿರ ನಿಂತು ನೋಡಬೇಕು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯದೂ ಇದೇ ಬಗೆಯ ಕಟ್ಟಡ, ಮುಂದೆ ಮಾನಸ್ತಂಭ. ಮುಸಲ್ಮಾನರ ಜಾಮಿಯಾ ಮಸೀದಿಯನ್ನು ಊರವರು ಚಿನ್ನದ ಪಳ್ಳಿ ಎನ್ನುತ್ತಾರೆ. ಪೋರ್ಚುಗೀಸರ ಬೆಂಕಿಯಷ್ಟರಿಂದಲೇ ಭಟ್ಕಳ ಮುಗಿದುಹೋಯಿತು ಎನ್ನುವವರಿಗೆ ಈ ಕಲ್ಲುಗಳೇ ಉತ್ತರ. ಕೈಯಲ್ಲಿ ಹಣವಿಲ್ಲದ ಊರು ಇಂಥ ಕೆಲಸ ಹಿಡಿಯುವುದಿಲ್ಲ.

ಹಾಗಾದರೆ ಊರನ್ನು ಮುಗಿಸಿದ್ದು ಯಾವುದು? ಉತ್ತರ ಘಟ್ಟದ ಮೇಲಿದೆ. 1547ರಲ್ಲಿ ವಿಜಯನಗರವೇ ಗೋವೆಯ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು, ಗೋವೆಗೆ ಬರುವ ಕುದುರೆಗಳು ತನಗೇ ಬರಬೇಕು, ಬಿಜಾಪುರಕ್ಕೆ ಹೋಗಕೂಡದು ಎಂದು ಕರಾರು ಬರೆಸಿತು. ಸಾಮಂತನ ಬಂದರನ್ನು ಬಿಟ್ಟು ಪರಕೀಯನ ಬಂದರಿಗೆ ಸಾಮ್ರಾಜ್ಯದ ಮುದ್ರೆ ಬಿತ್ತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ಹಂಪಿಯೇ ಬಿತ್ತು. ಎರಡು ವರ್ಷದ ಮೇಲೆ ಆ ಹಾಳೂರಿಗೆ ಹೋದ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದರೀಚಿ ಕಂಡದ್ದು ಇದು: ಆ ಕಾಳಗದಲ್ಲಿ ಸತ್ತ ರಾಮರಾಯನ ತಮ್ಮ ತಿರುಮಲ ವರ್ತಕರಿಗೆ ಹೇಳಿಕಳಿಸಿದನಂತೆ, ಅರಮನೆಯ ಮುದ್ರೆಯಿರುವ ಹಳೆಯ ಕುದುರೆ ತಂದರೂ ಸರಿ, ಹೊಸದು ತಂದರೂ ಸರಿ, ಒಳ್ಳೆಯ ಬೆಲೆ ಕೊಡುತ್ತೇನೆಂದು. ನಂಬಿ ಬಂದವರ ಕುದುರೆಗಳನ್ನೆಲ್ಲ ತೆಗೆದುಕೊಂಡು ಬರಿಗೈಯಲ್ಲಿ ಕಳಿಸಿದ. ಒಮ್ಮೆ ಸತ್ತ ಕುದುರೆಯ ಬಾಲಕ್ಕೂ ಹಣ ಎಣಿಸಿದ್ದ ರಾಜ್ಯ, ಈಗ ಜೀವಂತ ಕುದುರೆಗೂ ಕಾಸು ಕೊಡದಾಯಿತು. ಕರಾವಳಿಯ ಕುದುರೆ ವ್ಯಾಪಾರ ಅಂದು ನೆಲಕಚ್ಚಿತು. ಗೋವೆಯ ಸುಂಕವೂ ಅದರೊಡನೆ ಕುಸಿಯಿತು.

ಉಳಿದಿದ್ದ ಮೆಣಸು ಅಕ್ಕಿಗಳ ಮೇಲೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ (1552-1606) ಇನ್ನೊಂದು ತಲೆಮಾರು ಈ ಸೀಮೆಯನ್ನು ಹಿಡಿದು ನಿಂತಳು. ಮೆಣಸಿನ ರಾಣಿಯೆಂದು ಪೋರ್ಚುಗೀಸರೇ ಹೆಸರಿಟ್ಟಿದ್ದರು. 1569ರಲ್ಲಿ ಅವಳು ಹೊನ್ನಾವರವನ್ನು ಅವರಿಗೆ ಕಳೆದುಕೊಂಡಳು. ಕಡೆಗೆ ಅವಳ ರಾಜ್ಯವನ್ನು ನುಂಗಿದವನು ಮಾತ್ರ ಕಡಲಿನವನಲ್ಲ, ಇಕ್ಕೇರಿಯ ವೆಂಕಟಪ್ಪ ನಾಯಕ. 1623ರಲ್ಲಿ ಶರಾವತಿ ಹೊಳೆಯೇರಿ ಗೇರುಸೊಪ್ಪೆಗೆ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಅರಮನೆಯಿದ್ದ ಜಾಗದಲ್ಲಿ ಮರಗಿಡ ಬೆಳೆದದ್ದನ್ನು ಕಂಡ. ಕೊಡಗಿನವರಿಗೆ ಈ ನಾಯಕರು ಹೊರಗಿನವರಲ್ಲ. ಮಡಿಕೇರಿ ಸಮೀಪದ ಹಾಲೇರಿಯಲ್ಲಿ ನೆಲೆಯೂರಿ 1834ರವರೆಗೆ ನಮ್ಮನ್ನು ಆಳಿದ ಅರಸರು ಇಕ್ಕೇರಿ ಮನೆತನದ ಕವಲು ಎಂದೇ ಹೇಳುತ್ತಾರೆ. ಗಂಗೊಳ್ಳಿ, ಬಸ್ರೂರು, ಮಂಗಳೂರಿನವರೆಗೆ ಕರಾವಳಿಯ ಉದ್ದಕ್ಕೂ ಕೈ ಚಾಚಿದ ಇಕ್ಕೇರಿಗೆ ಭಟ್ಕಳ ಹಲವು ಬಂದರುಗಳಲ್ಲಿ ಒಂದು ಮಾತ್ರ.

1637ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಕಂಪನಿಯ ಹಡಗುಗಳು ಜಾನ್ ವೆಡೆಲ್‌ನ ನಾಯಕತ್ವದಲ್ಲಿ ಇಲ್ಲಿ ಲಂಗರು ಹಾಕಿದವು. ಅವುಗಳ ಗುರಿ ಚೀನಾ. ಜೊತೆಗಿದ್ದ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಆಸ್ಥಾನವನ್ನು ಕಂಡು ಬಂದ. ಭಟ್ಕಳದಲ್ಲಿ ಮಳಿಗೆ ತೆರೆಯಲು ಒಪ್ಪಿಗೆ ಸಿಕ್ಕಿತು. ಹಡಗುಗಳು ಮುಂದೆ ಮಕಾವ್, ಕ್ಯಾಂಟನ್ ಕಡೆಗೆ ಸಾಗಿದವು. ಇಲ್ಲಿ ಇಳಿದವರ ಗತಿಯನ್ನು ಊರಿನ ಮೂರು ಗೋರಿಕಲ್ಲುಗಳು ಹೇಳುತ್ತವೆ. ಜಾರ್ಜ್ ವೈ ಎಂಬ ವರ್ತಕ 1637ರ ಮಾರ್ಚ್ 31ರಂದು, ವರ್ನ್‌ವರ್ದಿ ಎಂಬವನು ಮರುದಿನವೇ, ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯ ಮರುವರ್ಷ ನವೆಂಬರ್ 30ರಂದು ತೀರಿಕೊಂಡರು. ಮಳಿಗೆ ಬಾಳಲಿಲ್ಲ.

ಆ ಹಡಗುಗಳು ಹೋದ ಚೀನಾದಲ್ಲೇ ಭಟ್ಕಳದ ಹಣೆಬರಹವನ್ನು ಹೋಲುವ, ಅದಕ್ಕಿಂತ ಎಷ್ಟೋ ದೊಡ್ಡ ಬಂದರೊಂದಿತ್ತು. ಚ್ವಾನ್‌ಝೌ ಅದರ ಹೆಸರು. ಅರಬರು ಜೈತೂನ್ ಎಂದರು. 1087ರಲ್ಲಿ ಸೋಂಗ್ ಅರಸರು ಅಲ್ಲಿ ಕಡಲ ವ್ಯಾಪಾರದ ಕಚೇರಿ ತೆರೆದರು. ಅಲೆಕ್ಸಾಂಡ್ರಿಯಕ್ಕೆ ಮೆಣಸಿನ ಹಡಗು ಒಂದು ಹೋದರೆ ಜೈತೂನಿಗೆ ನೂರು ಬರುತ್ತವೆ ಎಂದು ಮಾರ್ಕೊ ಪೋಲೊ ಬರೆದ. ತಮಿಳು ವರ್ತಕರು ಅಲ್ಲಿ ಶಿವಾಲಯ ಕಟ್ಟಿದರು. 1281ರ ಅವರ ತಮಿಳು ಶಾಸನ ಸಿಕ್ಕಿದೆ. ಅಲ್ಲಿಯೂ 1357ರಿಂದ ಹತ್ತು ವರ್ಷ ಪರದೇಶಿ ಮುಸಲ್ಮಾನ ದಂಡಿನ ದಂಗೆ, ಅದರ ಹಿಂದೆಯೇ ಅವರ ಕೊಲೆ ನಡೆಯಿತು. ಆಮೇಲೆ ಬಂದ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರವನ್ನೇ ನಿಷೇಧಿಸಿದರು, ಹೊಳೆಗೆ ಹೂಳು ತುಂಬಿತು. ಜೈತೂನಿನ ಪತನಕ್ಕೂ ಭಟ್ಕಳದ ಪತನಕ್ಕೂ ಕಡಲು ಕಾರಣವಲ್ಲ. ಎರಡೂ ಕಡೆ ತೀರ್ಪು ಬಂದದ್ದು ಒಳನಾಡಿನ ರಾಜಧಾನಿಯಿಂದ.

1763ರಲ್ಲಿ ಇಕ್ಕೇರಿ ನಾಯಕರ ರಾಜಧಾನಿಯಾಗಿದ್ದ ಬಿದನೂರಿನೊಡನೆ ಭಟ್ಕಳ ಮೈಸೂರಿನ ಹೈದರನ ವಶವಾಯಿತು, 1799ರಲ್ಲಿ ಇಂಗ್ಲಿಷರದಾಯಿತು. 1801ರಲ್ಲಿ ಇಂಗ್ಲಿಷರ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ ಎಣಿಸಿದ್ದು 500 ಮನೆ, ಎರಡು ಮಸೀದಿ. ಇಲ್ಲಿನ ಮುಸಲ್ಮಾನ ವರ್ತಕರು ಕರಾವಳಿಯ ಊರೂರಿಗೆ ವ್ಯಾಪಾರಕ್ಕೆ ಹೋಗುತ್ತಾರೆ, ಆದರೂ ಭಟ್ಕಳವನ್ನೇ ಮನೆಯೆನ್ನುತ್ತಾರೆ ಎಂದು ಅವನು ಬರೆದ ಮಾತು, ಕೊಲ್ಲಿ ದೇಶಗಳಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟುವ ಇಂದಿನ ಭಟ್ಕಳದವರಿಗೂ ಹೊಂದುತ್ತದೆ. ಶರಾಬಿಯಲ್ಲಿ ಹೂಳು ಇದೆ. ಮೀನುಗಾರರ ದೋಣಿಗಳು ಮಾವಿನಕುರ್ವೆಯ ಬಂದರಿನಿಂದ ಕಡಲಿಗಿಳಿಯುತ್ತವೆ.

ಕೊಡಗಿನಿಂದ ಪ್ರತಿವರ್ಷ ಎಷ್ಟೋ ಶಾಲೆಗಳ ಮಕ್ಕಳು ಮುರುಡೇಶ್ವರಕ್ಕೆ ಪ್ರವಾಸ ಹೋಗುತ್ತಾರೆ. ಮಂಗಳೂರಿನ ಕಡೆಯಿಂದ ಹೋಗುವವರಿಗೆ ಭಟ್ಕಳ ಅದಕ್ಕೂ ಮೊದಲೇ ಸಿಗುತ್ತದೆ, ಮೂಡಭಟ್ಕಳ ಹೆದ್ದಾರಿಗೆ ದೂರವಿಲ್ಲ. ಅಧ್ಯಾಪಕರು ಅಲ್ಲಿ ಒಂದು ಗಂಟೆ ಬಸ್ಸು ನಿಲ್ಲಿಸಲಿ. ಖೇತಪೈ ದೇವಸ್ಥಾನದ ಕಲ್ಲುಮಾಡನ್ನೂ ಜಟ್ಟಪ್ಪ ನಾಯಕನ ಬಸದಿಯನ್ನೂ ಶರಾಬಿ ಹೊಳೆಯನ್ನೂ ಮಕ್ಕಳಿಗೆ ತೋರಿಸಿ, ಹಂಪಿಯ ಕುದುರೆಗಳು ಕಾಲಿಟ್ಟ ದಡ ಇದು ಎಂದು ಹೇಳಲಿ.